ಅಪ್‌ಡೇಟ್: ಬರ ಮತ್ತು ಕಾಡುಮರಗಳ ಸಂಶೋಧನೆಯಲ್ಲಿ ಜಾಗ ಸಿಕ್ಕಿತು

ಮಳೆ ಕೈಕೊಟ್ಟಾಗ ಕಾಡಿನ ಮರಗಳು ಹೇಗೆ ತಡೆದುಕೊಳ್ಳುತ್ತವೆ ಎಂಬ ಸಂಶೋಧನೆಗೆ, ಲ್ಯಾಬ್ ಅನುಭವವೇ ಇಲ್ಲದ ಪದವಿ ವಿದ್ಯಾರ್ಥಿಯನ್ನು ಸೇರಿಸಿಕೊಳ್ತಾರಾ ಅಂತ ಕೇಳಿದ್ದೆ. ಸೇರಿಸಿಕೊಂಡರು! ರಜೆಯ ಇಂಟರ್ನ್‌ಶಿಪ್, ಸ್ವಲ್ಪ ಸ್ಟೈಪೆಂಡ್ ಕೂಡ ಇದೆ.

ನಿಮ್ಮಲ್ಲಿ ಹಲವರು ಹೇಳಿದಂತೆ, ಜಾಹೀರಾತಿಗೆ ಕಾಯದೆ ಪ್ರಾಧ್ಯಾಪಕರಿಗೆ ನೇರವಾಗಿ ಇಮೇಲ್ ಬರೆದೆ. ಅವರದೇ ಒಂದು ಪ್ರಬಂಧ ಓದಿ ಪ್ರಶ್ನೆ ಕೇಳಿದ್ದಕ್ಕೇ ಉತ್ತರ ಬಂತು ಅನ್ಸುತ್ತೆ. ಅಂಕಪಟ್ಟಿಯನ್ನು ಅಷ್ಟಾಗಿ ನೋಡಲಿಲ್ಲ. ಬೆಳಗಿನ ಜಾವ ಏಳೋಕಾಗುತ್ತಾ ಅಂತ ಮಾತ್ರ ಎರಡೆರಡು ಸಲ ಕೇಳಿದರು.

ಕಾರಣ ಈಗ ಗೊತ್ತಾಯಿತು. ರಾತ್ರಿ ಎಲೆಯ ರಂಧ್ರಗಳು ಬಹುತೇಕ ಮುಚ್ಚಿರುತ್ತವೆ. ನೀರು ಅಷ್ಟಾಗಿ ಆವಿಯಾಗದೆ, ಮರದೊಳಗಿನ ನೀರು ಮಣ್ಣಿನ ನೀರಿನ ಜೊತೆ ಸಮತೋಲನಕ್ಕೆ ಬರುತ್ತದೆ. ಹಾಗಾಗಿ ಬೆಳಕು ಹರಿಯುವ ಮೊದಲು ಎಲೆಯಲ್ಲಿ ನೀರಿನ ಎಳೆತ ಎಷ್ಟಿದೆ ಅಂತ ಅಳೆದರೆ, ಬೇರಿನ ಸುತ್ತ ಮಣ್ಣು ಎಷ್ಟು ಒಣಗಿದೆ ಅಂತ ಹೆಚ್ಚುಕಮ್ಮಿ ತಿಳಿಯುತ್ತದೆ. ಎಲೆ ಕತ್ತರಿಸಿ, ತೊಟ್ಟಿನ ತುದಿ ಮಾತ್ರ ಹೊರಗಿರುವಂತೆ ಪ್ರೆಶರ್ ಚೇಂಬರ್ ಎಂಬ ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿಟ್ಟು, ಒತ್ತಡ ಏರಿಸಲು ನೈಟ್ರೋಜನ್ ಅನಿಲ ಬಿಡುತ್ತೇವೆ. ಆ ತುದಿ ಒದ್ದೆಯಾಗಿ ಹೊಳೆದ ಕ್ಷಣದ ಒತ್ತಡದ ರೀಡಿಂಗ್ ಬರೆದುಕೊಳ್ಳಬೇಕು. ಲೆನ್ಸ್ ಹಿಡಿದು ಕಣ್ಣು ಮಿಟುಕಿಸದೆ ನೋಡುವ ಕೆಲಸ ಇದು. ಮರ ಬಾಯಾರಿದಷ್ಟೂ ಜಾಸ್ತಿ ಒತ್ತಡ ಬೇಕು. ಮಧ್ಯಾಹ್ನ ಮತ್ತೆ ಅದೇ.

ಕೆಲವು ಜಾತಿಗಳು ಬೇಗ ರಂಧ್ರ ಮುಚ್ಚಿ ನೀರು ಉಳಿಸುತ್ತವೆ, ಆದರೆ ಆಹಾರ ತಯಾರಿ ಕುಂಠಿತವಾಗುತ್ತದೆ. ಇನ್ನು ಕೆಲವು ತೆರೆದೇ ಇಟ್ಟು ದುಡಿಯುತ್ತವೆ. ಅವುಗಳಲ್ಲಿ ನೀರಿನ ಎಳೆತ ಮಿತಿಮೀರಿದರೆ ಕಾಂಡದ ನೀರಿನ ಕೊಳವೆಗಳಲ್ಲಿ ಗಾಳಿಗುಳ್ಳೆ ಸೇರಿ ಹರಿವೇ ಕಡಿದುಹೋಗುವ ಅಪಾಯ. ನಮ್ಮ ಪ್ಲಾಟ್‌ನಲ್ಲಿ ಎರಡೂ ಬಗೆಯವು ಅಕ್ಕಪಕ್ಕದಲ್ಲೇ ಇವೆ, ಸುಮ್ನೆ ನೋಡಿದರೆ ವ್ಯತ್ಯಾಸವೇ ಗೊತ್ತಾಗಲ್ಲ.

ಕೋಡಿಂಗ್ ಬೇಕಾ ಅಂತ ಒಬ್ಬರು ಕೇಳಿದ್ದಿರಿ. ಆರ್ (R) ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಾಫ್ ಹಾಕುವಷ್ಟು ಬಂದರೆ ಶುರು ಮಾಡಬಹುದು. ನಾನು ಬರೆದ ಇಮೇಲ್ ಬೇಕಿದ್ದವರು ಕೇಳಿ, ಕಳಿಸ್ತೀನಿ.