ಹೆಡ್‌ಫೋನ್ ಕ್ಯಾಲಿಬ್ರೇಶನ್ ಇಲ್ಲದೆ ಮಳೆಗಾಲದಲ್ಲಿ ಮಿಕ್ಸ್ ಮಾಡೋಕಾಗುತ್ತಾ?

ತೀರ್ಥಹಳ್ಳಿ ಟ್ರ್ಯಾಕ್ಸ್:
ನಮ್ಮದು ತೀರ್ಥಹಳ್ಳಿ ಹತ್ರ ಹಂಚಿನ ಮನೆ. ಜೂನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡಲ್ಲ, ಸ್ಪೀಕರ್ ಹಾಕೋ ಮಾತೇ ಇಲ್ಲ. ಡಿಟಿ 770, 80 ಓಮ್‌ದು, ಅದರಲ್ಲೇ ಕೆಲಸ. ಈ ಹೆಡ್‌ಫೋನಿಗೆ 8 ಕಿಲೋಹರ್ಟ್ಸ್ ಆಸುಪಾಸು ಒಂದು ಚೂಪು ಇದೆ, ಹಾಡೋರ ‘ಸ’ಕಾರ ‘ಶ’ಕಾರ ಎಲ್ಲ ಕಿವಿಗೆ ಚುಚ್ಚುತ್ತೆ. ಅದನ್ನ ನಂಬಿ ಟ್ರೆಬಲ್ ಇಳಿಸ್ತಿದ್ದೆ. ಕಾರಲ್ಲಿ ಹಾಕಿದ್ರೆ ಹಾಡು ಕಂಬಳಿ ಹೊದ್ದು ಮಲಗಿದಂಗೆ. ಹೋದ ತಿಂಗಳು ಸೌಂಡ್‌ಐಡಿ ರೆಫರೆನ್ಸ್ ಅನ್ನೋ ಹೆಡ್‌ಫೋನ್ ಕ್ಯಾಲಿಬ್ರೇಶನ್ ಸಾಫ್ಟ್‌ವೇರ್ ತಗೊಂಡೆ. ಆ ಚೂಪನ್ನೂ ಉಬ್ಬಿದ ಬೇಸನ್ನೂ ತಗ್ಗಿಸಿ ಸಮ ಮಾಡಿ ಕೇಳಿಸುತ್ತೆ. ಇದಿಲ್ಲದೆ ಮಿಕ್ಸ್ ಮಾಡೋದು ಕಣ್ಣು ಮುಚ್ಚಿ ಸಂಕ ದಾಟಿದಂಗೆ. ಡೊಳ್ಳು ಇರೋ ಒಂದು ತುಣುಕಿನ ಲಿಂಕ್ ಹಾಕಿದೀನಿ, ಕೇಳಿ ಹೇಳಿ.

ಹಳೇ ಕಿವಿ:
‘ಕಣ್ಣು ಮುಚ್ಚಿ ಸಂಕ ದಾಟಿದಂಗೆ’ ಅಂತೆ! ಯಮಹಾ ಎನ್‌ಎಸ್-10 ಸ್ಪೀಕರ್ ಬಂದಿದ್ದು 1978ರಲ್ಲಿ. ಬೇಸ್ ಇಲ್ಲ, ಮಿಡ್ ಮುಖಕ್ಕೇ ಹೊಡೆಯುತ್ತೆ. ಅದರಲ್ಲೇ ಎಷ್ಟು ಹಿಟ್ ಹಾಡು ಮಿಕ್ಸ್ ಆಗಿಲ್ಲ? ಕಿವಿ ಪಳಗಬೇಕು ತಮ್ಮಾ, ಸಾಫ್ಟ್‌ವೇರ್ ಅಲ್ಲ.

ಕೇಬಲ್ ಸುತ್ತುವವ:
ಒಂದು ಸಣ್ಣ ಪ್ರಶ್ನೆ. ಸೌಂಡ್‌ಐಡಿ ಪ್ಲಗಿನ್ ಮಾಸ್ಟರ್ ಮೇಲೆ, ಅಂದ್ರೆ ಇಡೀ ಹಾಡು ಹೊರಗೆ ಹೋಗೋ ಕೊನೇ ಚಾನೆಲ್ ಮೇಲೆ ಹಾಕಿದೀರಾ, ಇಲ್ಲಾ ಇಡೀ ಕಂಪ್ಯೂಟರ್ ಸಿಸ್ಟಮ್‌ಗೆ ಹಾಕಿದೀರಾ? ಮಾಸ್ಟರ್ ಮೇಲಿದ್ರೆ ಎಕ್ಸ್‌ಪೋರ್ಟ್ ಮಾಡೋ, ಅಂದ್ರೆ ಹಾಡಿನ ಫೈಲ್ ತೆಗೆಯೋ ಮೊದಲು ಆಫ್ ಮಾಡ್ಬೇಕು. ನಾನೊಮ್ಮೆ ಮರೆತು ಜಾತ್ರೆ ಹಾಡನ್ನ ಹಂಗೇ ಕೊಟ್ಟುಬಿಟ್ಟಿದ್ದೆ. ಮೈಕ್‌ಸೆಟ್‌ನವನು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಬೈದಿದ್ದು ಇನ್ನೂ ಕಿವಿಯಲ್ಲಿದೆ.

ತೀರ್ಥಹಳ್ಳಿ ಟ್ರ್ಯಾಕ್ಸ್:
ಹಳೇ ಕಿವಿ ಸರ್, ಎನ್‌ಎಸ್-10 ಇಟ್ಟಿದ್ದು ಲಕ್ಷಗಟ್ಟಲೆ ಸುರಿದು ಕಟ್ಟಿದ ಸ್ಟುಡಿಯೋದಲ್ಲಿ. ನನ್ನ ಕೋಣೆ 10 ಅಡಿ ಅಗಲ. 56 ಹರ್ಟ್ಸ್ ಹತ್ರ ಗುಂಯ್ ಅನ್ನುತ್ತೆ. ಅಲ್ಲಿ ಪಳಗಿದ ಕಿವಿ ಕೆಟ್ಟೇ ಪಳಗುತ್ತೆ.

ಗ್ರಾಫ್ ಗಣಪ:
‘ಸಮ ಮಾಡಿ’ ಅಂದ್ರಲ್ಲ, ಯಾವುದಕ್ಕೆ ಸಮ? ಹೆಡ್‌ಫೋನ್ ದನಿ ಹೀಗಿರ್ಬೇಕು ಅಂತ ತೋರಿಸೋ ಗೆರೆ ಹರ್ಮನ್ ಕರ್ವ್, ಅದಕ್ಕೆ ಎಲ್ರೂ ಕುಣೀತಾರೆ. ಶಾನ್ ಆಲಿವ್ ತಂಡ ಜನರನ್ನ ಕೂರಿಸಿ ಯಾವುದು ಇಷ್ಟ ಅಂತ ಕೇಳಿ ಮಾಡಿದ್ದು ಅದು. ಇಷ್ಟ ಅಂದ್ರೆ ಸತ್ಯ ಅಲ್ಲ.

ಕೊಪ್ಪದ ಹುಡ್ಗ:
ಗಣಪಣ್ಣ, ಸೌಂಡ್‌ಐಡಿ ಮಾಡೋ ಸೋನಾರ್‌ವರ್ಕ್ಸ್ ಲಾಟ್ವಿಯಾದ ಕಂಪನಿ, ಅವರದ್ದು ಅವರದ್ದೇ ಟಾರ್ಗೆಟ್, ಹರ್ಮನ್ ಅಲ್ಲ. ಗ್ರಾಫ್ ನೋಡೋ ಮೊದಲು ಅದರ ಮೇಲಿನ ಹೆಸರು ಓದಿ 😄 ಅಂದ್ಹಾಗೆ ಇದೇ ಕೆಲಸಕ್ಕೆ ಈಕ್ವಲೈಜರ್ ಎಪಿಒ, ಆಟೋಇಕ್ಯೂ ಅನ್ನೋ ಸಾಫ್ಟ್‌ವೇರ್ ಎರಡೂ ಬಿಟ್ಟಿ ಸಿಗುತ್ತೆ. ದುಡ್ಡು ಎಂತಕ್ಕೆ ಕೊಡ್ಬೇಕು?

ಗ್ರಾಫ್ ಗಣಪ:
‘ಬಿಟ್ಟಿ’ ಅಂದ ಕೂಡಲೇ ಗೊತ್ತಾಯ್ತು ಎಂಥ ಮಿಕ್ಸ್ ಮಾಡ್ತೀರಿ ಅಂತ.

ಡೊಳ್ಳು ಮೇಳ ಸಾಗರ:
ನಿಮ್ಮ ಕರ್ವು ಗಿರ್ವು ನಂಗೊತ್ತಿಲ್ಲ. ಲಿಂಕ್ ಕೇಳಿದೆ. ಡೊಳ್ಳು ಸತ್ತುಹೋಗಿದೆ ಮಾರಾಯ್ರೆ! ಗುಡುಗೂ ಇಲ್ಲ, ಕೋಲಿನ ಏಟೂ ಇಲ್ಲ, ರಟ್ಟಿನ ಡಬ್ಬ ಬಡಿದಂಗಿದೆ. ಮಳೆಗಾಲದಲ್ಲಿ ಚರ್ಮ ತಂಡಿ ಕುಡಿದು ಸಡಿಲ ಆಗುತ್ತೆ. ಕಾಯಿಸಿದ್ರಾ?

ತೀರ್ಥಹಳ್ಳಿ ಟ್ರ್ಯಾಕ್ಸ್:
ಕಾಯಿಸದೆ ಇರ್ತೀವಾ? ಹ್ಯಾಲೋಜನ್ ಲೈಟ್ ಮುಂದೆ ಅರ್ಧ ಗಂಟೆ ಇಟ್ಟಿದ್ವಿ.

ಡೊಳ್ಳು ಮೇಳ ಸಾಗರ:
ಹ್ಯಾಲೋಜನ್ನಾ!! ಹುಲ್ಲು ಹೊತ್ತಿಸಿ, ಉರಿಯಿಂದ ಒಂದು ಮಾರು ದೂರ ಹಿಡಿದು, ತಿರುಗಿಸ್ತಾ ತಿರುಗಿಸ್ತಾ ಅಂಗೈಲಿ ತಟ್ಟಿ ನೋಡ್ಬೇಕು. ಲೈಟಿಗೆ ಇಟ್ರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ.

ಹಳೇ ಕಿವಿ:
ಮೊದಲು ಹಗ್ಗ ಎಳೆದು ಬಿಗಿ ಮಾಡ್ಬೇಕು, ಆಮೇಲೆ ಬೆಂಕಿ.

ಡೊಳ್ಳು ಮೇಳ ಸಾಗರ:
ಒದ್ದೆ ಚರ್ಮದ ಹಗ್ಗ ಎಳೆದ್ರೆ ಬೆಂಕಿಗೆ ಹಿಡಿದಾಗ ಬಿರಿಯುತ್ತೆ ಸ್ವಾಮಿ. ಡೊಳ್ಳು ಹೊತ್ತಿದೀರಾ ಒಂದ್ಸಲ ಆದ್ರೂ?

ಹಳೇ ಕಿವಿ:
‘ಹೊತ್ತಿದೀರಾ’ ಅಂತ ಕೇಳ್ಬೇಡಿ. ನೀವು ಹುಟ್ಟೋ ಮುಂಚೆ ದಸರಾ ಮೆರವಣಿಗೆಯಲ್ಲಿ ಹೊತ್ತವನು.

ಕೊಪ್ಪದ ಹುಡ್ಗ:
ನಮ್ಮೂರಲ್ಲಿ ಗ್ಯಾಸ್ ಒಲೆಗೇ ಹಿಡೀತಾರೆ 🤷

ಡೊಳ್ಳು ಮೇಳ ಸಾಗರ:
ಗ್ಯಾಸ್ ಒಲೆಯಲ್ಲಿ ಹಪ್ಪಳ ಸುಡು ತಮ್ಮ, ಡೊಳ್ಳು ಬೇಡ.

ಗ್ರಾಫ್ ಗಣಪ:
ವಿಷಯಕ್ಕೆ ಬನ್ನಿ. ಕ್ಯಾಲಿಬ್ರೇಶನ್ ಪ್ರೊಫೈಲ್ ಅಳೆಯೋದು ಕಂಪನಿಯ ಕಿವಿ ಪ್ಯಾಡ್ ಇರೋ ಹೆಡ್‌ಫೋನ್ ಮೇಲೆ. ಪ್ಯಾಡ್ ಸವೆದ್ರೆ, ಬದಲಾಯಿಸಿದ್ರೆ ಬೇಸೇ ಬೇರೆ. ಕನ್ನಡಕ ಹಾಕಿದ್ರೂ ಸಂದಿಯಲ್ಲಿ ಬೇಸ್ ಸೋರಿಹೋಗುತ್ತೆ. ನಿಮ್ಮ ಕ್ಯಾಲಿಬ್ರೇಶನ್ ಬೇರೆಯವರ ಅಳತೆಗೆ ಹೊಲಿದ ಅಂಗಿ.

ತೀರ್ಥಹಳ್ಳಿ ಟ್ರ್ಯಾಕ್ಸ್:
ಬೇರೆಯವರ ಅಂಗಿ ಆದ್ರೂ ಬರಿಮೈಗಿಂತ ಮೇಲು. ಮತ್ತೆ ನಾನು ಕನ್ನಡಕ ಹಾಕಲ್ಲ.

ಕೇಬಲ್ ಸುತ್ತುವವ:
ಯಾರಾದ್ರೂ ನನ್ನ ಪ್ರಶ್ನೆ ಓದಿದ್ರಾ? ಡಿಟಿ 770ಗೆ ಬೇಸೂ ಜಾಸ್ತಿ, ಟ್ರೆಬಲ್ಲೂ ಜಾಸ್ತಿ. ಅದನ್ನ ಸಮ ಮಾಡೋ ಪ್ಲಗಿನ್ ಎರಡನ್ನೂ ಕಡಿಯುತ್ತೆ. ಅದು ಆನ್ ಇರೋವಾಗಲೇ ಎಕ್ಸ್‌ಪೋರ್ಟ್ ಆದ್ರೆ, ಕಡಿತ ಹಾಡೊಳಗೇ ಕೂರುತ್ತೆ. ಡೊಳ್ಳಿನ ಗುಡುಗೂ ಹೋಗುತ್ತೆ, ಕೋಲಿನ ಏಟೂ ಹೋಗುತ್ತೆ. ಸಾಗರದವರು ಹೇಳಿದ್ದು ಅಕ್ಷರಶಃ ಅದೇ ಅಲ್ವಾ?

ಡೊಳ್ಳು ಮೇಳ ಸಾಗರ:
ಹಾಂ, ನಾನು ಹೇಳಿದ್ದು ಅದೇ. ಚರ್ಮ ಸಡಿಲ.

ಹಳೇ ಕಿವಿ:
ಹಗ್ಗ ಸಡಿಲ.

ತೀರ್ಥಹಳ್ಳಿ ಟ್ರ್ಯಾಕ್ಸ್:
ಮೇಲಿನ ಲಿಂಕ್ ಬದಲಾಯಿಸಿದೀನಿ, ಹೊಸದನ್ನ ಕೇಳಿ. ಹಳೇದು ಫೈಲ್ ಏನೋ ಹೆಚ್ಚುಕಮ್ಮಿ ಆಗಿತ್ತು. ಅದಕ್ಕೂ ಕ್ಯಾಲಿಬ್ರೇಶನ್ನಿಗೂ ಸಂಬಂಧ ಇಲ್ಲ.

ಕೇಬಲ್ ಸುತ್ತುವವ:
🙂

ಗ್ರಾಫ್ ಗಣಪ:
‘ಸಂಬಂಧ ಇಲ್ಲ’ ಅನ್ನೋದಕ್ಕೆ ಪುರಾವೆ?

ಡೊಳ್ಳು ಮೇಳ ಸಾಗರ:
ಹೊಸದು ಕೇಳಿದೆ. ಈಗ ಡೊಳ್ಳು ಡೊಳ್ಳಾಗಿದೆ ನೋಡಿ! ಎದೆಗೆ ಬಂದು ಬಡೀತು. ಹುಲ್ಲಿನ ಬೆಂಕಿಗೆ ಕಾಯಿಸಿ ಮತ್ತೆ ರೆಕಾರ್ಡ್ ಮಾಡಿದ್ರಿ ತಾನೆ? ನಾನು ಹೇಳ್ಲಿಲ್ವಾ.