ಮನೆಯ ಕಂಪ್ಯೂಟರಿಗೆ ಎರಡು ಆಂಟಿವೈರಸ್ ಹಾಕಿದರೆ ರಕ್ಷಣೆ ಹೆಚ್ಚುತ್ತದೆಯೇ?

ಪ್ರಶ್ನೆ (ತೀರ್ಥಹಳ್ಳಿ ಸಮೀಪದಿಂದ)

ಮಾನ್ಯರೇ, ನಮ್ಮ ಮನೆಯಲ್ಲಿರುವುದು ವಿಂಡೋಸ್ 11ರ ಒಂದೇ ಕಂಪ್ಯೂಟರ್. ಅಡಿಕೆ ಮಾರಾಟದ ಲೆಕ್ಕ, ಕೊನೆಗಾರರ ಕೂಲಿ, ನೆಟ್ ಬ್ಯಾಂಕಿಂಗ್, ಮಗಳ ಕಾಲೇಜಿನ ಕೆಲಸ ಎಲ್ಲವೂ ಅದರಲ್ಲೇ. ಅಂಗಡಿಯವರು ದುಡ್ಡಿನ ಆಂಟಿವೈರಸ್ ಒಂದನ್ನು ಹಾಕಿಕೊಟ್ಟಿದ್ದರು. ಕಳೆದ ತಿಂಗಳು ಯಾರದೋ ಪೆನ್‌ಡ್ರೈವ್ ಚುಚ್ಚಿದಾಗ ಅದರೊಳಗಿನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್‌ಗಳಾಗಿ ಕಂಡವು. ಹೆದರಿದ ನಾನು ಇನ್ನೊಂದು ಉಚಿತ ಆಂಟಿವೈರಸ್ಸನ್ನೂ ಇಳಿಸಿಕೊಂಡೆ. ಈಗ ಬೆಳಿಗ್ಗೆ ಆನ್ ಮಾಡಿ ಕಾಫಿ ಕುಡಿದು ಬಂದರೂ ಪರದೆ ಸಿದ್ಧವಾಗಿರುವುದಿಲ್ಲ. ರಕ್ಷಣೆ ಪದರ ಪದರವಾಗಿರಬೇಕು ಎಂದು ಓದಿದ್ದೇನೆ. ಹಾಗಾದರೆ ಯಾವ ಪದರಗಳನ್ನು ಇಟ್ಟುಕೊಳ್ಳಲಿ?

ಉತ್ತರ 1 (ಶಿವಮೊಗ್ಗದಿಂದ)

ಪದರ ಎಂದರೆ ಬೇರೆ ಬೇರೆ ಕೆಲಸ ಮಾಡುವ ರಕ್ಷಣೆಗಳೇ ಹೊರತು, ಒಂದೇ ಕೆಲಸವನ್ನು ಇಬ್ಬರಿಗೆ ವಹಿಸುವುದಲ್ಲ. ಸದಾ ಎಚ್ಚರವಿರುವ ಆಂಟಿವೈರಸ್, ನೀವು ತೆರೆಯುವ ಪ್ರತಿ ಕಡತವನ್ನೂ ತಡೆದು ಪರೀಕ್ಷಿಸಿ ಆಮೇಲೆ ಬಿಡುತ್ತದೆ; ಅಂಥವು ಎರಡಿದ್ದರೆ ಒಂದೇ ಕಡತ ಎರಡು ಬಾರಿ ತಡೆಯಲ್ಪಡುತ್ತದೆ, ಜೊತೆಗೆ ಒಂದು ಹಿಡಿದಿಟ್ಟ ವೈರಸ್ಸನ್ನು ಕಂಡು ಇನ್ನೊಂದು ಕೂಗುವುದೂ ಉಂಟು. ನಿಮ್ಮ ಕಂಪ್ಯೂಟರ್ ನಿಧಾನವಾಗಿರುವುದಕ್ಕೆ ಬಹುಶಃ ಇದೇ ಕಾರಣ.

ನನ್ನ ಅಭಿಪ್ರಾಯದಲ್ಲಿ ಎರಡನ್ನೂ ತೆಗೆಯಬಹುದು. ಬೇರೆ ಆಂಟಿವೈರಸ್ ಇದ್ದಾಗ ಸುಮ್ಮನಿರುವ ವಿಂಡೋಸ್‌ನದೇ ಡಿಫೆಂಡರ್, ಅವು ಹೋದೊಡನೆ ತಾನಾಗಿ ಎಚ್ಚರಗೊಳ್ಳುತ್ತದೆ. ಆದರೂ ವಿಂಡೋಸ್ ಸೆಕ್ಯುರಿಟಿ ತೆರೆದು ಅದು ಚಾಲೂ ಆಗಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ. ಹೊರಗಿನಿಂದ ಬರುವ ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಸಹ ಅದರಲ್ಲೇ ಇದೆ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿಯಂತೆ, ಕರೆದಾಗ ಮಾತ್ರ ಪರೀಕ್ಷಿಸುವ ತಂತ್ರಾಂಶವನ್ನು ಇಟ್ಟುಕೊಳ್ಳಿ.

ಅಂದ ಹಾಗೆ, ಶಾರ್ಟ್‌ಕಟ್ ವೈರಸ್ ಸಾಮಾನ್ಯವಾಗಿ ಕಡತಗಳನ್ನು ಅಳಿಸುವುದಿಲ್ಲ, ಅಡಗಿಸಿಡುತ್ತದೆ. ಆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಲು ಅವಸರಪಡಬೇಡಿ.

ಉತ್ತರ 2 (ಸಾಗರದಿಂದ)

ಅಪ್‌ಡೇಟ್ ಕೂಡ ಒಂದು ಪದರವೇ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಹಾನಿಕಾರಕ ತಂತ್ರಾಂಶ ಹರಡಿತಲ್ಲ, ಅದು ನುಸುಳಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲಿಯೇ ತಿದ್ದುಪಡಿ ಕೊಟ್ಟಿತ್ತು. ಇನ್ನೊಂದು ಮಾತು: ದಿನಬಳಕೆಗೆ, ಪೂರ್ಣ ಅಧಿಕಾರವಿರುವ ಅಡ್ಮಿನಿಸ್ಟ್ರೇಟರ್ ಅಲ್ಲದ ಸಾಮಾನ್ಯ ಖಾತೆ ಮಾಡಿಕೊಳ್ಳಿ.

ಉತ್ತರ 3 (ಹೊಸನಗರದಿಂದ)

ಮೇಲಿನವರು ಬ್ಯಾಕಪ್ ವಿಷಯವನ್ನು ಬಿಟ್ಟಿದ್ದಾರೆ; ನಾನು ಮೊದಲು ಹೇಳುತ್ತಿದ್ದುದು ಅದನ್ನೇ. ಎರಡು ವರ್ಷದ ಹಿಂದೆ ಮುಂಗಾರಿಗೆ ಮುಂಚಿನ ಸಿಡಿಲಿಗೆ ನಮ್ಮ ಕಂಪ್ಯೂಟರ್ ಸುಟ್ಟಿತು. ಹೊರಗಿನ ಡಿಸ್ಕನ್ನೂ ಅದಕ್ಕೇ ಸಿಕ್ಕಿಸಿಟ್ಟಿದ್ದರಿಂದ ಅದೂ ಹೋಯಿತು, ಆರು ವರ್ಷದ ತೋಟದ ಲೆಕ್ಕವೂ ಹೋಯಿತು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಕೂಡ ಸಿಕ್ಕಿಸಿಟ್ಟ ಡಿಸ್ಕನ್ನು ಬಿಡುವುದಿಲ್ಲ. ಈಗ ಪ್ರತಿ ಭಾನುವಾರ ನಕಲು ಮಾಡಿ, ಡಿಸ್ಕನ್ನು ಬಿಚ್ಚಿ, ಮಳೆಗಾಲದ ತೇವ ತಾಗದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುತ್ತೇನೆ. ಡಿಫೆಂಡರ್‌ನಲ್ಲಿ ನಂಬಿಕೆಯಿಲ್ಲದ ತಂತ್ರಾಂಶಗಳು ಮುಖ್ಯ ಫೋಲ್ಡರುಗಳನ್ನು ಬದಲಿಸದಂತೆ ತಡೆಯುವ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಎಂಬ ಸೌಲಭ್ಯವಿದೆ. ಅದು ತಾನಾಗಿ ಚಾಲೂ ಇರುವುದಿಲ್ಲ, ನೀವೇ ಆನ್ ಮಾಡಬೇಕು. ಬ್ಯಾಂಕಿನ ಹಣಕ್ಕೇ ಕೈ ಬಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಉಚಿತವಾದದ್ದನ್ನು ತೆಗೆದೆ. ದುಡ್ಡಿನದು ಮಾತ್ರ ತೆಗೆದ ಮೇಲೂ ಪಟ್ಟಿಯಲ್ಲಿ ಕಾಣುತ್ತಿದೆ, ಡಿಫೆಂಡರ್ ಚಾಲೂ ಆಗುತ್ತಿಲ್ಲ.

ಉತ್ತರ 1 ಬರೆದವರು

ಅದರ ಚೂರುಪಾರು ಉಳಿದಿರಬೇಕು. ಅದನ್ನು ಪೂರ್ತಿ ತೆಗೆಯುವ ಸಾಧನವನ್ನು ಆ ಕಂಪನಿಯ ಸ್ವಂತ ಜಾಲತಾಣದಿಂದಲೇ ಇಳಿಸಿಕೊಂಡು ನಡೆಸಿ, ರೀಸ್ಟಾರ್ಟ್ ಮಾಡಿ ನೋಡಿ.