ದಾಸವಾಳಕ್ಕೆ ಹಿಟ್ಟು ತಿಗಣೆ: ಬೆಕ್ಕು, ನಾಯಿ ಇರುವ ಮನೆಯಲ್ಲಿ ಏನು ಸಿಂಪಡಿಸಬಹುದು?

ಪ್ರಶ್ನೆ (ತಾರಸಿ ತೋಟ, ಮೈಸೂರು)

ನಮ್ಮ ತಾರಸಿಯ ಕುಂಡಗಳಲ್ಲಿರುವ ದಾಸವಾಳದ ಚಿಗುರು ಮುರುಟಿಕೊಂಡಿದ್ದು, ಮೊಗ್ಗಿನ ತೊಟ್ಟಿನ ಸುತ್ತ ಹತ್ತಿಯಂತೆ ಬಿಳಿಯಾಗಿ ಏನೋ ಕಟ್ಟಿಕೊಂಡಿದೆ. ಮೊಗ್ಗುಗಳು ಅರಳುವ ಮೊದಲೇ ಉದುರುತ್ತಿವೆ. ಕೆಳಗಿನ ಎಲೆಗಳ ಮೇಲೆ ಅಂಟಿನ ಜೊತೆಗೆ ಕಪ್ಪು ಮಸಿ ಹಿಡಿದಿದೆ, ಕಾಂಡದ ಮೇಲೆ ಇರುವೆಗಳ ಸಾಲೂ ಇದೆ. ಬೆಳ್ಳುಳ್ಳಿ ಮತ್ತು ಹಸಿಮೆಣಸಿನಕಾಯಿಯ ಕಷಾಯ ಸಿಂಪಡಿಸಿ, ಬುಡಕ್ಕೆ ಹರಳು ಹಿಂಡಿ ಹಾಕುವಂತೆ ಪರಿಚಿತರು ಸಲಹೆ ನೀಡಿದ್ದಾರೆ. ಆದರೆ ನಮ್ಮ ಬೆಕ್ಕು ಆ ಕುಂಡಗಳ ನಡುವೆಯೇ ಮಲಗುತ್ತದೆ, ನಾಯಿ ಮಣ್ಣು ಕೆದರುತ್ತದೆ. ಇವುಗಳಿಗೆ ತೊಂದರೆಯಾಗದಂತೆ ಗಿಡವನ್ನು ಉಳಿಸಿಕೊಳ್ಳುವ ದಾರಿ ಯಾವುದು?

ಉತ್ತರ 1 (ಹೂಗಿಡ ಕೃಷಿಕ, ಹಾಸನ)

ನೀವು ವಿವರಿಸಿರುವುದು ಹಿಟ್ಟು ತಿಗಣೆಯ ಬಾಧೆ. ಅದು ರಸ ಹೀರಿ ಹೊರಬಿಡುವ ಸಿಹಿ ಅಂಟಿನ ಮೇಲೆ ಶಿಲೀಂಧ್ರ ಬೆಳೆದು ಎಲೆ ಕಪ್ಪಾಗುತ್ತದೆ. ಆ ಅಂಟಿಗಾಗಿಯೇ ಬರುವ ಇರುವೆಗಳು ತಿಗಣೆಯನ್ನು ಅದರ ಶತ್ರುಗಳಿಂದ ಕಾಯುತ್ತವೆ. ಆದ್ದರಿಂದ ಇರುವೆಯ ದಾರಿಯನ್ನು ಮುಚ್ಚದೆ ಎಷ್ಟು ಸಿಂಪಡಿಸಿದರೂ ಫಲ ಅಲ್ಪ. ನೀರು ತುಂಬಿದ ಅಗಲವಾದ ತಟ್ಟೆಯ ನಡುವೆ ಕಲ್ಲಿಟ್ಟು, ಅದರ ಮೇಲೆ ಕುಂಡವನ್ನು ಇರಿಸಿ, ಕೊಂಬೆಗಳು ಗೋಡೆಗೆ ತಾಗದಂತೆ ಸವರಿಬಿಡಿ. ಸೊಳ್ಳೆ ಮೊಟ್ಟೆಯಿಡದಂತೆ ಆ ನೀರನ್ನು ಆಗಾಗ್ಗೆ ಬದಲಿಸಬೇಕು.

ತೀರಾ ಮುರುಟಿದ ತುದಿಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಉಳಿದ ಭಾಗಕ್ಕೆ, ವಿಶೇಷವಾಗಿ ಎಲೆಯ ಅಡಿಭಾಗಕ್ಕೆ, ಬೆಳಗಿನ ಹೊತ್ತು ನೀರನ್ನು ರಭಸವಾಗಿ ಹಾಯಿಸಿ. ಅನಂತರ ಒಂದು ಲೀಟರ್ ನೀರಿಗೆ 5 ಮಿಲಿ ಸುವಾಸನೆಯಿಲ್ಲದ ದ್ರವ ಸಾಬೂನು ಬೆರೆಸಿ, ಮೊದಲು ಒಂದೆರಡು ಎಲೆಗಳ ಮೇಲೆ ಪರೀಕ್ಷಿಸಿ, ಬಿಸಿಲಿಳಿದ ಮೇಲೆ ಸಿಂಪಡಿಸಿ. ಸಾಬೂನು ತಾಗಿದ ಹುಳು ಮಾತ್ರ ಸಾಯುತ್ತದೆ. ಬಿಳಿ ಹತ್ತಿಯೊಳಗಿನ ಮೊಟ್ಟೆಗಳು ಉಳಿದು ಮತ್ತೆ ಮರಿಯಾಗುವುದರಿಂದ, ವಾರಕ್ಕೊಮ್ಮೆಯಂತೆ ಮೂರ್ನಾಲ್ಕು ಸಲ ಇದನ್ನು ಮುಂದುವರಿಸಬೇಕಾಗುತ್ತದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ರೂಪಿಸಿದ ಬೇವಿನ ಸಾಬೂನು ಮತ್ತು ಹೊಂಗೆ ಸಾಬೂನುಗಳೂ ಇವೆ.

ಉತ್ತರ 2 (ಪ್ರಾಣಿಪಾಲಕಿ, ಧಾರವಾಡ)

ನಿಮಗೆ ದೊರೆತ ಎರಡೂ ಸಲಹೆಗಳನ್ನು ದಯವಿಟ್ಟು ಕೈಬಿಡಿ. ಬೆಳ್ಳುಳ್ಳಿ ಮತ್ತು ಈರುಳ್ಳಿ ಬೆಕ್ಕು, ನಾಯಿಗಳ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಬೆಕ್ಕಿಗೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಮೈಗೆ ತಾಗಿದ್ದನ್ನೆಲ್ಲ ಅದು ನೆಕ್ಕಿ ನುಂಗುತ್ತದೆ. ಹರಳು ಹಿಂಡಿಯಲ್ಲಿ ರೈಸಿನ್ ಎಂಬ ವಿಷ ಉಳಿದಿರಬಹುದು. ಅದರ ವಾಸನೆಗೆ ನಾಯಿಗಳು ಮಣ್ಣನ್ನು ಕೆದರಿ ತಿನ್ನುವುದುಂಟು, ಪ್ರಾಣಕ್ಕೂ ಕುತ್ತು ಬರಬಹುದು. ಗಿಡದ ಪೋಷಣೆಗೆ ಚೆನ್ನಾಗಿ ಕಳಿತ ಎರೆಗೊಬ್ಬರವೇ ಸಾಕು. ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಪುಡಿ ಮತ್ತು ದ್ರವಗಳನ್ನು ಬೆಕ್ಕಿರುವ ಮನೆಗೆ ತರಲೇಬಾರದು. ಬಸವನಹುಳುವಿಗೆಂದು ಮಾರುವ ಮೆಟಾಲ್ಡಿಹೈಡ್ ಗುಳಿಗೆಗಳು ನಾಯಿಗೆ ಅಷ್ಟೇ ಘಾತಕ. ಸಾವಯವ ಎಂಬ ಒಂದು ಕಾರಣಕ್ಕೆ ಯಾವುದನ್ನೂ ಪ್ರಾಣಿಗಳಿಗೆ ಸುರಕ್ಷಿತವೆಂದು ನಂಬಲಾಗದು. ಸಾಬೂನು ನೀರಾದರೂ ಅಷ್ಟೆ, ಎಲೆ ಪೂರ್ಣ ಒಣಗುವವರೆಗೆ ತಾರಸಿಯ ಬಾಗಿಲನ್ನು ಮುಚ್ಚಿಡಿ.

ಪ್ರಶ್ನಿಸಿದವರಿಂದ

ಹರಳು ಹಿಂಡಿಯನ್ನು ಇನ್ನೂ ತಂದಿರಲಿಲ್ಲ, ಧನ್ಯವಾದಗಳು. ಇವತ್ತು ಗಮನಿಸಿದಾಗ ಬಿಳಿ ಎಳೆಗಳಿರುವ, ಉಳಿದವುಗಳಿಗಿಂತ ದೊಡ್ಡದಾದ ಕೆಲವು ಹುಳುಗಳು ಚುರುಕಾಗಿ ಓಡಾಡುತ್ತಿದ್ದವು. ಅವೂ ಹಿಟ್ಟು ತಿಗಣೆಗಳೇ?

ಉತ್ತರ 3 (ಹೂಗಿಡ ಕೃಷಿಕ, ಹಾಸನ)

ಬಹುಪಾಲು ಅವು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿಗಳು. ಹಿಟ್ಟು ತಿಗಣೆಯಂತೆಯೇ ಮೈಮೇಲೆ ಮೇಣದ ಎಳೆಗಳಿದ್ದರೂ, ಅವು ತಿಗಣೆಯನ್ನೇ ತಿಂದು ಬದುಕುತ್ತವೆ. ಆಸ್ಟ್ರೇಲಿಯಾ ಮೂಲದ ಈ ಕೀಟವನ್ನು 1898ರಲ್ಲಿ ಭಾರತಕ್ಕೆ ತರಲಾಯಿತು. ಬೆಳೆದ ಹುಳು ಕಪ್ಪಾಗಿದ್ದು, ತಲೆಯ ಭಾಗ ಕಿತ್ತಳೆ ಬಣ್ಣದ್ದಾಗಿರುತ್ತದೆ. ಅವು ಕಂಡ ಕೊಂಬೆಗಳಿಗೆ ಸಾಬೂನು ನೀರು ಬೇಡ, ಇರುವೆಗಳನ್ನು ಮಾತ್ರ ತಡೆದರೆ ಸಾಕು. ಉಳಿದ ಕೊಂಬೆಗಳಿಗೆ ಸಿಂಪಡಿಸುವಾಗಲೂ ಅರಳಿದ ಹೂಗಳನ್ನು ಬಿಟ್ಟುಬಿಡಿ, ಅಲ್ಲಿಗೆ ಜೇನುಗಳು ಬರುತ್ತವೆ.